ಸುಬ್ರಾಯಣ್ಣ ಜೋಡಿಸಿಕೊಟ್ಟದ್ದು

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಕರೆಂಟು ಬಂತು. ಸುಬ್ರಾಯಣ್ಣನಿಗೆ ಐದರ ಶಿರಸಿ ಬಸ್ಸು ತಪ್ಪದಿರಲಿ ಎಂದು ನಾನು ಆಗಾಗ ಗಡಿಯಾರ ನೋಡುತ್ತಿದ್ದೆ, ಹಾಗಾಗಿ ಸಮಯ ನೆನಪಿದೆ. ತಲೆಯ ಮೇಲಿನ ಫ್ಯಾನು ಕಿರುಗುಟ್ಟಿ ತಿರುಗತೊಡಗಿತು. ಬಾವಿಕಟ್ಟೆಯ ಪಂಪು ಗುಂಯ್ ಎಂದಿತು. ಅಬ್ಬಾ, ಅಂತೂ ಬಂತಲ್ಲ ಎಂದುಕೊಂಡೆ. ಯಲ್ಲಾಪುರದ ನಮ್ಮ ಮನೆಯ ಎಡಗಡೆಯ ಕೋಣೆಯಲ್ಲಿ, ಬಿಚ್ಚಿಟ್ಟ ನನ್ನ ಕಂಪ್ಯೂಟರಿನ ಪಕ್ಕ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ ಸುಬ್ರಾಯಣ್ಣನ ಬಾಯಲ್ಲಿ ಆಗ ಕವಳ ಇರಲಿಲ್ಲ.

ಕವಳ ಇರಲಿಲ್ಲ ಎಂದರೆ ಅವರು ಪೂರ್ತಿ ಕೆಲಸದೊಳಗೆ ಇದ್ದರು ಎಂದರ್ಥ. ಬೇರೆ ಹೊತ್ತಿನಲ್ಲಿ ಎಲೆ ಅಡಿಕೆಯಿಲ್ಲದೆ ಅವರಿಗೆ ಹತ್ತು ನಿಮಿಷ ಕಳೆಯುತ್ತಿರಲಿಲ್ಲ. ಆದರೆ ಕಂಪ್ಯೂಟರಿನ ಹೊಟ್ಟೆ ಬಿಚ್ಚುವ ಮೊದಲು ಹೊರಗೆ ಹೋಗಿ ಉಗುಳಿ, ಮೂರು ಸಲ ಬಾಯಿ ಮುಕ್ಕಳಿಸಿ, ಪಂಚೆಯ ತುದಿಯಿಂದ ತುಟಿ ಒರೆಸಿಕೊಂಡು ಬರುತ್ತಿದ್ದರು. ಮದರ್‌ಬೋರ್ಡಿನ ಮೇಲೆ ಒಂದು ಕೆಂಪು ಹನಿ ಹಾರಿದರೂ ಕೆಟ್ಟಿತು ಎಂಬ ಹೆದರಿಕೆ. ಶಿರಸಿಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲಿದ್ದ ಅವರ ಅಂಗಡಿಗೆ ಹೋಗುವವರು ಮೆಟ್ಟಿಲಲ್ಲೇ ನಿಂತು ಇಣುಕಿ ನೋಡುತ್ತಿದ್ದರು. ಕೆನ್ನೆ ಉಬ್ಬಿದ್ದರೆ ಒಳಗೆ ಹೋಗಿ ಕೂತು ಊರ ಸುದ್ದಿಯೆಲ್ಲ ಮಾತಾಡಬಹುದು. ಕೆನ್ನೆ ಗುಳಿಬಿದ್ದಿದ್ದರೆ ಕೆಳಗೆ ಹೋಗಿ ಚಾ ಕುಡಿದು ಬರುವುದೇ ಒಳ್ಳೆಯದು.

ಅವರ ಮೇಜಿನ ಮೇಲೆ ಎರಡು ಹಿತ್ತಾಳೆಯ ಕವಳದ ತಟ್ಟೆಗಳಿದ್ದವು. ಒಂದರಲ್ಲಿ ಎಲೆ, ಅಡಿಕೆ, ಸುಣ್ಣ. ಇನ್ನೊಂದರಲ್ಲಿ ಸಣ್ಣ ಸಣ್ಣ ಸ್ಕ್ರೂಗಳು, ಜೊತೆಗೆ ಪ್ರೊಸೆಸರಿನ ಬಿಸಿ ಎಳೆಯಲು ಹಚ್ಚುವ ಬಿಳಿ ಪೇಸ್ಟಿನ ಡಬ್ಬಿ. ಒಮ್ಮೆ ಗಿರಾಕಿಯೊಬ್ಬರು ಮಾತಿನ ಭರದಲ್ಲಿ ಆ ಪೇಸ್ಟನ್ನೇ ಎಲೆಗೆ ಸವರಿ ಬಾಯಿಗೆ ಹಾಕಿಕೊಂಡರಂತೆ. ಅವರು ಮುಖ ಕಿವುಚಿ ಕಿಟಕಿಯತ್ತ ಓಡಿದರೆ, ಸುಬ್ರಾಯಣ್ಣ ಕೂತಲ್ಲಿಂದಲೇ, "ಉಗಿರಿ ಉಗಿರಿ, ನುಂಗಡಿ. ಹೆದ್ರಿಕಳಡಿ, ಇನ್ನು ಒಂದು ವಾರ ನಿಂಗಳ ತಲೆ ಬಿಸಿ ಆಗ್ತಿಲ್ಲೆ" ಎಂದರಂತೆ. ಈ ಕಥೆಯನ್ನು ಅವರು ನನಗೆ ನಾಲ್ಕು ಸಲವಾದರೂ ಹೇಳಿದ್ದರು. ಪ್ರತಿ ಸಲವೂ ನಗು ತಡೆಯಲಾಗದೆ ಕೊನೆಯ ಮಾತನ್ನು ಅರ್ಧಕ್ಕೇ ಬಿಡುತ್ತಿದ್ದರು.

ಸಿದ್ದಾಪುರದ ಕಡೆಯವರು. ಪಿಯುಸಿಯ ನಂತರ ರೇಡಿಯೋ ರಿಪೇರಿ ಕಲಿತರು. ರೇಡಿಯೋ ಕಾಲ ಮುಗಿದ ಮೇಲೆ ಟಿ.ವಿ., ಟಿ.ವಿ.ಗಳು ತೆಳ್ಳಗಾಗಿ ಗೋಡೆಗೆ ಅಂಟಿಕೊಂಡ ಮೇಲೆ ಕಂಪ್ಯೂಟರು. ಬಿಡಿ ಭಾಗಗಳನ್ನು ತರಿಸಿ, ಒಂದೊಂದಾಗಿ ಜೋಡಿಸಿ, ಬೇಕಾದವರಿಗೆ ಬೇಕಾದಂತೆ ಕಂಪ್ಯೂಟರು ಮಾಡಿಕೊಡುತ್ತಿದ್ದರು. ನಮ್ಮ ಮೂರೂ ತಾಲೂಕುಗಳಲ್ಲಿ 'ಅಸೆಂಬಲ್ಡ್' ಎಂದರೆ ಸುಬ್ರಾಯಣ್ಣನದು ಎಂದೇ ಲೆಕ್ಕ.

ನಾನು ಬಿ.ಕಾಂ. ಓದಿದವಳು. ಮದುವೆಯಾಗಿ ಯಲ್ಲಾಪುರಕ್ಕೆ ಬಂದ ಮೇಲೆ, ಫೋಟೋಗ್ರಾಫರುಗಳು ತಂದುಕೊಡುವ ಮದುವೆ, ಉಪನಯನಗಳ ವೀಡಿಯೊಗಳನ್ನು ಮನೆಯಲ್ಲೇ ಕೂತು ಎಡಿಟ್ ಮಾಡಿಕೊಡುವ ಕೆಲಸ ಹಿಡಿದೆ. ಹಳೆಯ ಲ್ಯಾಪ್‌ಟಾಪು ಸಪ್ತಪದಿಯ ನಡುವೆಯೇ ನಿಂತುಬಿಡತೊಡಗಿದಾಗ ಹೊಸದು ಬೇಕಾಯಿತು. ನನ್ನ ಗಂಡ ಪ್ರಕಾಶ ಹುಬ್ಬಳ್ಳಿಯಿಂದ ಕಂಪನಿಯದೇ ತರೋಣ ಎಂದ. ಸೀಲು ಒಡೆದು, ವೈರು ಚುಚ್ಚಿದರೆ ಆಯಿತು, ಕೆಟ್ಟರೆ ಕಂಪನಿ ಇದೆ ಎನ್ನುವುದು ಅವನ ವಾದ. ಜೋಡಿಸಿದ್ದನ್ನೇ ತಗೊಳ್ಳಿ, ಎಡಿಟಿಂಗಿಗೆ ಅದೇ ಸರಿ ಎಂದು ನನಗೆ ಫೋಟೋಗ್ರಾಫರೊಬ್ಬರು ಹೇಳಿದ್ದರು. ವಾದ ಬಗೆಹರಿಯದೆ ಇಬ್ಬರೂ ಶಿರಸಿಗೆ ಹೋದೆವು. ನಾವು ಹೋದಾಗ ಕೆನ್ನೆ ಉಬ್ಬಿತ್ತು.

"ಎಂತಕ್ಕೆ ಬೇಕು?" ಎಂದು ಕೇಳಿದರು. ಯಾರೇ ಹೋದರೂ ಅವರ ಮೊದಲ ಪ್ರಶ್ನೆ ಅದೇ.

"ಮದುವೆ ವೀಡಿಯೊ ಎಡಿಟಿಂಗಿಗೆ."

"ಎಷ್ಟು ತಾಸಿನ ಮದುವೆ?"

ನನಗೆ ನಗು ಬಂತು. ಅವರು ನಗಲಿಲ್ಲ. ಎಷ್ಟು ತಾಸಿನದು, ಎಷ್ಟು ಕ್ಯಾಮೆರಾ, ತಿಂಗಳಿಗೆ ಎಷ್ಟು ಮದುವೆ ಎಂದು ಒಂದೊಂದಾಗಿ ಕೇಳಿ, ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಬರೆದುಕೊಂಡರು.

ಪ್ರಕಾಶ ಸುಮ್ಮನಿರಲಿಲ್ಲ. "ಕಂಪನಿದು ತಗಂಡ್ರೆ ಮೂರು ವರ್ಷ ಗ್ಯಾರಂಟಿ ಇದ್ದು ಸುಬ್ರಾಯಣ್ಣ. ನಿಂಗಳದ್ದಕ್ಕೆ ಎಂತ ಇದ್ದು?"

"ಆನು ಇದ್ದೆ."

"ನಿಂಗ ಎಷ್ಟು ವರ್ಷ ಇರ್ತ್ರಿ?"

"ಎನ್ನ ಕಂಪನಿಯವ ಅದನ್ನ ಕಾಗದದಲ್ಲಿ ಬರ್ದು ಕೊಟ್ಟಿದ್ನಿಲ್ಲೆ ಮಾರಾಯ" ಎಂದು ಮೇಲೆ ಕೈ ತೋರಿಸಿ ನಕ್ಕರು.

ಅವರಿಗೆ ಕಂಪನಿಯ ಕಂಪ್ಯೂಟರಿನ ಮೇಲೆ ಹಗೆಯೇನೂ ಇರಲಿಲ್ಲ. ಅವತ್ತು ನಮ್ಮೆದುರಿಗೇ ನಿವೃತ್ತ ಮಾಸ್ತರರೊಬ್ಬರು ಬಂದು, ಕಾಗದ ಪತ್ರ ಬರೆಯಲು, ಯಕ್ಷಗಾನ ನೋಡಲು ಒಂದು ಮಾಡಿಕೊಡು ಎಂದರು. ಸುಬ್ರಾಯಣ್ಣ ಕೈ ಮುಗಿದರು. "ಮಾಸ್ತರೆ, ನಿಂಗಕ್ಕೆ ಕಂಪನಿ ಡಬ್ಬ ಸಾಕು. ಆನು ಮಾಡಿ ಕೊಟ್ರೆ ಅದು ಸುಮ್ನೆ ಕೂತು ಕೂತು ಎನ್ನ ಬೈತು." ಅವರು ಹೋದ ಮೇಲೆ ನನ್ನತ್ತ ತಿರುಗಿ ಹೇಳಿದರು: "ಕಂಪನಿದು ಮದುವೆ ಮನೆ ಊಟ ತಂಗಿ. ಬಡ್ಸಿದ್ದು ತಿನ್ನವು, ಚೊಲೋನೇ ಇರ್ತು. ಇದು ಮನೆ ಅಡುಗೆ. ಉಪ್ಪು ಜಾಸ್ತಿ ಆದ್ರೆ ಬೈಯಲೆ ಎದುರಿಗೆ ಜನ ಇರ್ತು."

ಅವತ್ತೇ ನಿರ್ಧಾರವಾಯಿತು. ಆದರೆ ಅವರದೊಂದು ಕರಾರು ಇತ್ತು. ಮೊದಲು ಮನೆಗೆ ಬಂದು ಅರ್ಥಿಂಗ್, ಅಂದರೆ ಕರೆಂಟು ನೆಲಕ್ಕಿಳಿಯುವ ದಾರಿ, ನೋಡುತ್ತಾರೆ. ಅದು ಸರಿ ಇಲ್ಲದ ಮನೆಗೆ ಕಂಪ್ಯೂಟರು ಕೊಡುವುದಿಲ್ಲ. ಮುಂದಿನ ವಾರವೇ ಬಸ್ಸಿನಲ್ಲಿ ಬಂದಿಳಿದರು. ಚೀಲದಲ್ಲಿ ಒಂದು ಬಲ್ಬು, ಹೋಲ್ಡರು, ಎರಡು ಮೊಳ ವೈರು. ವೈರಿನ ಒಂದು ತುದಿಯನ್ನು ಕರೆಂಟಿಗೂ ಇನ್ನೊಂದನ್ನು ಮೂರನೆಯ ಪಿನ್ನಿನ ತೂತಿಗೂ ಹಿಡಿದರು. ಬಲ್ಬು ಮಿಣಿಮಿಣಿ ಎಂದಿತು. "ನೋಡು, ನಿನ್ನ ಮನೆಗೆ ನೆಲ ಇಲ್ಲೆ" ಎಂದರು.

ಅಂಗಳದ ಮೂಲೆಯಲ್ಲಿ ಆಳದ ಗುಂಡಿ ತೋಡಿಸಿದರು. ನಮ್ಮದು ಕಲ್ಲು ಮಣ್ಣು, ಬೇಸಿಗೆಯಲ್ಲಿ ಹಂಚಿನಂತೆ ಒಣಗುತ್ತದೆ. ಗುಂಡಿಯಲ್ಲಿ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು, ಮತ್ತೆ ಇದ್ದಿಲು, ಉಪ್ಪು ಎಂದು ತಾವೇ ಕೂತು ತುಂಬಿದರು. ನೀರು ಹೊಯ್ದ ಮೇಲೆ ಮತ್ತೆ ಬಲ್ಬು ಹಿಡಿದಾಗ ಅದು ಜಗ್ಗನೆ ಉರಿಯಿತು. ಅವರ ಮುಖವೂ ಹಾಗೇ ಆಯಿತು. "ಎಲ್ಲಾದ್ರೂ ಕರೆಂಟು ದಾರಿ ತಪ್ಪಿ ಡಬ್ಬದ ಮೈಗೆ ಬಂದ್ರೆ ಈ ಗುಂಡಿ ಅದನ್ನ ಎಳ್ಕತ್ತು, ಫ್ಯೂಸು ಹೋಗ್ತು, ಮನುಷ್ಯ ಉಳೀತ. ಶಿವರಾತ್ರಿಯಿಂದ ಮಳೆ ಹಿಡಿಯವರೆಗೆ ಶನಿವಾರಕ್ಕೊಂದು ಕೊಡ ನೀರು ಹಾಕವು. ತಪ್ಪಲಾಗ ತಂಗಿ. ಕಂಪನಿದಾ, ಎನ್ನದಾ ಹೇಳದೆಲ್ಲ ಆಮೇಲೆ. ಮೊದ್ಲು ನೆಲ ಹಸಿ ಇರವು."

ಎರಡು ಬೇಸಿಗೆ ನಾನು ತಪ್ಪದೆ ನೀರು ಹಾಕಿದೆ. ಕಂಪ್ಯೂಟರು ಒಂದು ದಿನವೂ ನಿಲ್ಲಲಿಲ್ಲ. ಸುಬ್ರಾಯಣ್ಣ ಆರು ತಿಂಗಳಿಗೊಮ್ಮೆ ಬಂದು ಧೂಳು ತೆಗೆದು, ಅತ್ತೆಯ ಕೈಯ ತಂಬುಳಿ ಊಟ ಮಾಡಿ ಹೋಗುತ್ತಿದ್ದರು. ಬಂದಾಗಲೆಲ್ಲ ಮೊದಲು ಬಲ್ಬು ಹಿಡಿದು ನೋಡುತ್ತಿದ್ದರು. ಕೆಲಸ ಮಾಡುವಾಗ ಸ್ವಿಚ್ಚು ಆರಿಸುತ್ತಿದ್ದರು, ಆದರೆ ಪ್ಲಗ್ಗು ಕೀಳುತ್ತಿರಲಿಲ್ಲ. ಯಾಕೆಂದು ಕೇಳಿದ್ದೆ. ಒಣ ಹವೆಗೆ ನಮ್ಮ ಮೈಮೇಲೂ ಒಂಚೂರು ಕರೆಂಟು ಹುಟ್ಟುತ್ತದಂತೆ, ಅದು ಬೆರಳಿನಿಂದ ಹಾರಿದರೆ ಮೆಮೊರಿ ಚಿಪ್ಪು ಸಾಯುತ್ತದಂತೆ. ಪ್ಲಗ್ಗು ಸಿಕ್ಕಿಸಿಯೇ ಇದ್ದರೆ ಡಬ್ಬದ ಮೈ ಅರ್ಥಿಂಗಿನ ವೈರಿನ ಮೂಲಕ ಗುಂಡಿಯನ್ನು ಹಿಡಿದುಕೊಂಡಿರುತ್ತದೆ. ಆ ಮೈಯನ್ನು ಮುಟ್ಟಿಕೊಂಡು ಕೆಲಸ ಮಾಡಿದರೆ ನಮ್ಮ ಕರೆಂಟು ನೆಲಕ್ಕೆ ಇಳಿಯುತ್ತದೆ. ಒಂದು ಕೈ ಯಾವಾಗಲೂ ಡಬ್ಬದ ಮೇಲೆಯೇ ಇರುತ್ತಿತ್ತು.

ಈ ವರ್ಷ ಜನವರಿಯಲ್ಲಿ ನನ್ನ ಮೈದುನನ ಮದುವೆ ಬಂತು. ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಸಿಸಿದೆವು. ಹಾವೇರಿ ಕಡೆಯ ಮೇಸ್ತ್ರಿ ಮೂಲೆಗೆ ಬಂದಾಗ ಕರೆದು ಕೇಳಿದ: "ಅಕ್ಕಾರ, ಈ ಗುಂಡಿ ಬಾಯಿ ಬಿಟ್ಟು ಹಾಸ್ಲೇನ್ರಿ?"

ಪ್ರಕಾಶ ಮನೆಯಲ್ಲಿರಲಿಲ್ಲ. ಹೊಸ ಕೆಂಪು ಅಂಗಳದ ಮೂಲೆಯಲ್ಲಿ ಆ ಕಪ್ಪು ಬಾಯಿ ನೋಡಿದೆ. ಚಪ್ಪರದ ಕೆಳಗೆ ಊಟಕ್ಕೆ ಕೂತವರ ಕಾಲಬುಡದಲ್ಲಿ ಅದು ಬರುತ್ತಿತ್ತು. "ಮುಚ್ಚಿ ಹಾಸಿಬಿಡಿ" ಎಂದೆ. ಬೇಸಿಗೆ ಬಂದಾಗ ಒಂದು ಇಟ್ಟಿಗೆ ತೆಗೆಸಿದರಾಯಿತು ಎಂದುಕೊಂಡೆ. ಬೇಸಿಗೆ ಬಂತು. ತೆಗೆಸಲಿಲ್ಲ. ಯಾವ ಇಟ್ಟಿಗೆಯ ಕೆಳಗೆ ಅದು ಇದೆ ಎಂಬುದೂ ಮರೆತುಹೋಯಿತು.

ಮಾರ್ಚಿನಲ್ಲಿ ಸುಬ್ರಾಯಣ್ಣ ಫೋನು ಮಾಡಿದರು. "ಗುಂಡಿಗೆ ನೀರು ಶುರು ಮಾಡಿದ್ಯ ತಂಗಿ?"

"ಹೂಂ ಸುಬ್ರಾಯಣ್ಣ, ಹಾಕ್ತಾ ಇದ್ದೆ."

ಊಟ ಆತ ಎಂದು ಯಾರಾದರೂ ಕೇಳಿದರೆ ಆಗದಿದ್ದರೂ ಆತು ಎನ್ನುತ್ತೇವಲ್ಲ, ಅಷ್ಟು ಸಲೀಸಾಗಿ ಹೇಳಿದೆ. ನಿಜ ಹೇಳಿದ್ದರೆ ಬೈದು, ಮರುದಿನವೇ ಬಂದು ಅಂಗಳ ಅಗೆಸುತ್ತಿದ್ದರು. ಅದು ಬೇಡವಾಗಿತ್ತು ನನಗೆ.

ಏಪ್ರಿಲ್‌ನಲ್ಲಿ ಮದುವೆಗಳ ಕೆಲಸ ರಾಶಿ ಬಿತ್ತು. ಇನ್ನೊಂದು ಮೆಮೊರಿ ಚಿಪ್ಪು ಹಾಕಿಕೊಡಿ ಎಂದು ನಾನೇ ಅವರನ್ನು ಕರೆದೆ. ಅದೇ ವಾರ ಅತ್ತೆ ಎರಡು ಸಲ, "ಬಚ್ಚಲ ನಲ್ಲಿ ಮುಟ್ಟಿರೆ ಜುಂ ಹೇಳ್ತಲೆ" ಎಂದಿದ್ದರು. ಪಂಪು ಓಡುವಾಗ ಮಾತ್ರ ಹಾಗಾಗುತ್ತಿತ್ತು. ನಾನು ಗಮನ ಕೊಡಲಿಲ್ಲ.

ಎರಡೂವರೆಗೆ ಬಂದರು. ಹನ್ನೊಂದರಿಂದಲೇ ಕರೆಂಟು ಇರಲಿಲ್ಲ, ಹಾಗಾಗಿ ಬಲ್ಬು ಚೀಲದಲ್ಲೇ ಉಳಿಯಿತು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಅಂಗಳ ನೋಡಿದರು. "ಚಂದ ಆಯ್ದಲೆ! ಗುಂಡಿ ಬಾಯಿ ಎಲ್ಲಿ ಬಿಟ್ಟಿದ್ದೆ?"

"ಆ ಬದಿಗೆ ಇದ್ದು" ಎಂದು ಕೈ ಬೀಸಿದೆ.

"ನೀರು?"

"ಮೊನ್ನೆ ಶನಿವಾರ ಹಾಕಿದ್ದೆ."

ಅವರು ತಲೆಯಾಡಿಸಿ ಒಳಗೆ ಬಂದರು. ನಾನು ಆಗಷ್ಟೇ ನೆಲ ಒರೆಸಿದ್ದೆ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ಕೂತರು. ಬಸ್ಸಿನ ಹೊತ್ತಾಗುತ್ತದೆ, ಕರೆಂಟು ಬರುವುದರೊಳಗೆ ಧೂಳಾದರೂ ತೆಗೆದುಬಿಡುವೆ ಎಂದು ಬಾಯಿ ಮುಕ್ಕಳಿಸಿ ಬಂದು, ಸ್ವಿಚ್ಚು ಆರಿಸಿ, ಪ್ಲಗ್ಗು ಹಾಗೇ ಬಿಟ್ಟು, ಡಬ್ಬ ಬಿಚ್ಚಿದರು. ಚಿಪ್ಪು ಕೂರಿಸಿದ ಮೇಲೆ ಬಲಗೈಯಲ್ಲಿ ಡಬ್ಬ ಹಿಡಿದು, ಏಳಲೆಂದು ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದರು. ಆಗ ಫ್ಯಾನು ತಿರುಗಿತು.

ಕೂಗು ಬರಲಿಲ್ಲ. ಹಲ್ಲು ಕಚ್ಚಿದ ಸದ್ದು ಬಂತು. ಮೈ ಹಗ್ಗದಂತೆ ಬಿಗಿದು ನಡುಗುತ್ತಿತ್ತು. ನಾನು ಎರಡು ಹೆಜ್ಜೆ ಮುಂದೆ ಹೋಗಿ ಕೈ ಚಾಚಿದೆ. ಅವರ ಭುಜಕ್ಕೂ ನನ್ನ ಬೆರಳಿಗೂ ನಾಲ್ಕು ಬೆರಳಿನ ಅಂತರ. ಆಗ ಅವರ ಕಣ್ಣು ನನ್ನ ಕೈಯತ್ತ ಹೊರಳಿತು. ನಾನು ನಿಂತೆ. ಬೇಡ ಎಂದು ಅವರೇ ನನ್ನನ್ನು ತಡೆದರು ಎಂದು ಬಹಳ ದಿನ ನಂಬಿದ್ದೆ. ಈಗ ಖಾತ್ರಿಯಿಲ್ಲ. ಹೆದರಿ ನಿಂತವಳು ಆಮೇಲೆ ಆ ನೋಟವನ್ನು ಕಲ್ಪಿಸಿಕೊಂಡೆನೋ ಏನೋ. ಆಮೇಲೆ ಜಗಲಿಗೆ ಓಡಿ ಮೇನ್ ಸ್ವಿಚ್ಚು ಎಳೆದೆ. ಒಳಗೆ ಅವರು ಬಿದ್ದ ಸದ್ದು ಕೇಳಿತು. ಆ ಕೋಣೆಯಿಂದ ಜಗಲಿಗೆ ಓಡಿದರೆ ಒಂಬತ್ತು ಹೆಜ್ಜೆ. ಎಷ್ಟೋ ಸಲ ನಡೆದು ಎಣಿಸಿದ್ದೇನೆ. ಕೈ ಚಾಚಿ ನಿಂತದ್ದು ಎಷ್ಟು ಹೊತ್ತು ಎಂಬುದನ್ನು ಎಣಿಸಲು ಬರುವುದಿಲ್ಲ.

ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಒಯ್ದೆವು. ದಾರಿಯಲ್ಲೇ ಮುಗಿದಿತ್ತು.

ಮರುದಿನ ವೈರಿಂಗಿನವನನ್ನು ಕರೆಸಿ, ಮೂಲೆಯ ಇಟ್ಟಿಗೆಗಳನ್ನು ಪ್ರಕಾಶ ಒಂದೊಂದಾಗಿ ಎಬ್ಬಿಸಿದ. ಏಳನೆಯದರ ಕೆಳಗೆ ಗುಂಡಿ ಸಿಕ್ಕಿತು. ಒಳಗೆ ಕೈ ಹಾಕಿದರೆ ಬೂದಿಯಂತೆ ಒಣ ಪುಡಿ. ವೈರಿಂಗಿನವ ಪಂಪು ಬಿಚ್ಚಿ ನೋಡಿ ಹೇಳಿದ: "ಪಂಪಿನ ವೈಂಡಿಂಗ್ ಸುಟ್ಟು ಬಾಡಿಗೆ ತಾಗಿದೆ ಅಕ್ಕಾ. ಕರೆಂಟು ಅರ್ಥಿಂಗ್ ವೈರಿಗೆ ಇಳಿದಿದೆ. ಗುಂಡಿ ಹಸಿ ಇದ್ದಿದ್ದರೆ ಅಲ್ಲೇ ಎಳೆದುಕೊಂಡು ಫ್ಯೂಸು ಹಾರ್ತಿತ್ತು. ಒಣಗಿತ್ತಲ್ಲ, ಹೋಗ್ಲಿಕ್ಕೆ ದಾರಿ ಇಲ್ಲ. ಅದೇ ವೈರಲ್ಲಿ ಮನೆಯ ಎಲ್ಲ ಪ್ಲಗ್ಗಿಗೂ ಬಂತು. ಸ್ವಿಚ್ಚು ಆಫ್ ಮಾಡಿದ್ರೂ ಆ ಮೂರನೇ ಪಿನ್ನು ಆಫ್ ಆಗೂದಿಲ್ಲ." ಪಂಪಿನ ವೈರು ಕಿತ್ತು ಕಂಪ್ಯೂಟರು ಹಾಕಿದ. ಅದು ಎಂದಿನಂತೆ ಶುರುವಾಯಿತು. ಹೊಸ ಮೆಮೊರಿಯನ್ನೂ ತೋರಿಸಿತು.

ಪೊಲೀಸರು ಬಂದಾಗ ಪ್ರಕಾಶ, "ಕೇಳಿದಷ್ಟಕ್ಕೇ ಹೇಳು" ಎಂದ. 'ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಾಗ ವಿದ್ಯುತ್ ತಗುಲಿ' ಎಂದು ಅವರು ಬರೆದರು. ಸುಳ್ಳೇನಲ್ಲ. ಸಹಿ ಹಾಕಿದೆ.

ಆ ಒಂದು ಸಾಲು ಊರೂರು ತಿರುಗಿತು. ಹತ್ತು ದಿನದ ನಂತರ ಶಿರಸಿ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ಮಾತಾಡುತ್ತಿದ್ದರು.

"ಅಸೆಂಬಲ್ ಮಾಡಿದ್ದಡ. ತಾನೇ ಮಾಡಿದ್ದು ತನ್ನನ್ನೇ ತಿಂತು ನೋಡು."

"ಅದ್ಕೇ ಹೇಳದು, ಕಂಪನಿದೇ ತಗಳವು. ನಮ್ಮನೇದೂ ಅವಂದೇ. ನಿನ್ನೆಯೇ ಪ್ಲಗ್ಗು ಕಿತ್ತು ಮೂಲೆಗಿಟ್ಟೆ."

ನಾನು ತಿರುಗಿ ನೋಡಲಿಲ್ಲ. ಆಮೇಲೆ ಒಬ್ಬೊಬ್ಬರೇ ತಮ್ಮ ಕಂಪ್ಯೂಟರು ಹೊತ್ತು ಆ ಮೆಟ್ಟಿಲು ಹತ್ತಿ, ಅಂಗಡಿಯಲ್ಲಿ ಬಿಟ್ಟು ಬಂದರು ಎಂದು ಕೇಳಿದೆ. ಅವರ ಇಪ್ಪತ್ತು ವರ್ಷದ ಕೆಲಸವನ್ನು ಜನ ಹೆದರಿ ಹಿಂದಿರುಗಿಸುತ್ತಿದ್ದರು. ವೈರಿಂಗಿನವನನ್ನು ಬಿಟ್ಟರೆ ಅದನ್ನು ನಿಲ್ಲಿಸಬಲ್ಲವರು ನಾವು ಇಬ್ಬರೇ. ಪ್ರಕಾಶ, "ಈಗ ಹೇಳಿರೆ ಸುಬ್ರಾಯಣ್ಣ ವಾಪಸ್ ಬತ್ವ?" ಎಂದ. ನಾನು ದಿನಾ ನಸುಕಿನವರೆಗೆ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆ.

ಚೌತಿ ಮುಗಿದ ಮಾರನೆಯ ವಾರ ಅವರ ಹೆಂಡತಿ ಸರೋಜಕ್ಕನ ಫೋನು ಬಂತು. ದನಿ ತುಂಬ ಮೆತ್ತಗಿತ್ತು. "ತಂಗಿ, ಅಂಗಡಿ ಖಾಲಿ ಮಾಡ್ತಾ ಇದ್ದೆ. ನಿನ್ನ ಡಬ್ಬನೂ ಕೊಟ್ಬಿಡು. ಅವು ಮಾಡಿದ್ದರಲ್ಲಿ ಎಂತ ತಪ್ಪಿತ್ತೇನ, ನಿಂಗೆ ಏನಾದ್ರೂ ಆದ್ರೆ ಕಷ್ಟ. ಎಂಗಳ ಕಡೆಯಿಂದ ನಿಂಗಕ್ಕೆ ತೊಂದ್ರೆ ಆತು. ಬೇಜಾರು ಮಾಡ್ಕಳಡ."

ಅವರು ನನ್ನ ಬಳಿ ಕ್ಷಮೆ ಕೇಳುತ್ತಿದ್ದರು. ಬುಧವಾರ, ಡಬ್ಬ ಒಯ್ಯದೆ, ಬೆಳಗಿನ ಬಸ್ಸು ಹತ್ತಿದೆ.

ಗುಜರಿಯವನ ಟೆಂಪೋ ಕೆಳಗೆ ನಿಂತಿತ್ತು. ಹನ್ನೊಂದು ಡಬ್ಬಗಳನ್ನು ಅದರಲ್ಲಿ ಒಂದರ ಮೇಲೊಂದು ಹಾಕಿ ಹಗ್ಗ ಬಿಗಿದಿದ್ದರು. ನಾನು ಮೆಟ್ಟಿಲು ಹತ್ತುವಾಗ ಟೆಂಪೋ ಹೊರಟಿತು. ಸರೋಜಕ್ಕ ಗಂಡನ ಸ್ಟೂಲಿನ ಮೇಲೆ ಕೂತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಗುಂಡಿ ಮುಚ್ಚಿಸಿದ್ದು, ಫೋನಿನಲ್ಲಿ ಹೇಳಿದ್ದು, ಅವತ್ತು ಅಂಗಳದಲ್ಲಿ ಕೈ ಬೀಸಿದ್ದು. ಕಂಪ್ಯೂಟರು ಈಗಲೂ ಸರಿಯಿದೆ ಎಂದೂ ಹೇಳಿದೆ.

 ಸರೋಜಕ್ಕ, "ಯಾವಾಗಿಂದ ಗೊತ್ತಿತ್ತು?" ಎಂದರು.

"ಮರುದಿನದಿಂದ."

"ನೀನು ಫೋನಲ್ಲಿ ನೀರು ಹಾಕ್ತಾ ಇದ್ದೆ ಹೇಳಕಾರೆ ಆನು ಅಲ್ಲೇ ಕೂತಿದ್ದೆ. ಫೋನು ಇಟ್ಟಿಕ್ಕೆ, ಯಲ್ಲಾಪುರದ ಕೂಸಿಗೆ ಒಂದ್ಸಲ ಹೇಳಿರೆ ಸಾಕು ಹೇಳಿ ಅವು ಹೇಳಿದ್ದ." ಸೆರಗಿನಿಂದ ಮೇಜು ಒರೆಸಿದರು. ಅದರ ಮೇಲೆ ಏನೂ ಇರಲಿಲ್ಲ. "ಐದು ತಿಂಗಳು ಆನು ಅವ್ರನ್ನೇ ಬೈಕಂಡೆ. ಸಾಯುವಂಥಾದ್ದು ಎಂತಕ್ಕೆ ಮಾಡಿದ್ರಿ ಹೇಳಿ ಫೋಟೋದ ಎದುರಿಗೆ ನಿಂತು ಬೈದೆ. ಅಷ್ಟು ಮಾಡ್ಸಿದೆ ನೀನು ಎನ್ನ ಕೈಲಿ."

ನಾನು ಕಾಲಿಗೆ ಬೀಳಲು ಬಾಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ಅದೆಲ್ಲ ಬ್ಯಾಡ. ಈಗ ಹೇಳಿದ್ದನ್ನ ಬರ್ದು ಕೊಡು. ಹೆಸರು ಹಾಕು."

ಬಿಲ್ಲು ಪುಸ್ತಕದ ಹಾಳೆಯ ಹಿಂದೆ ಬರೆದೆ. ಅವರು ಎರಡು ಸಲ ಓದಿ, ಕೆಳಗಿಳಿದು, ಮೆಟ್ಟಿಲ ಬಾಗಿಲಿಗೆ ಅದನ್ನು ಅಂಟಿಸಿದರು. ದಾರಿಯಲ್ಲಿ ಹೋಗುವವರು ನಿಂತು ಓದತೊಡಗಿದರು. ಒಬ್ಬರು ಫೋನಿನಲ್ಲಿ ಫೋಟೋ ತೆಗೆದುಕೊಂಡರು. ಸರೋಜಕ್ಕ ನನ್ನತ್ತ ನೋಡದೆ, "ಬಸ್ಸಿಗೆ ಹೊತ್ತಾತು, ಹೋಗು. ಇನ್ನು ಈ ಕಡಿಗೆ ಬರಡ" ಎಂದರು.

ಆ ಬುಧವಾರ ಒಂಬತ್ತಕ್ಕೇ ಮಲಗಿದೆ. ಎಚ್ಚರವಾದಾಗ ಬೆಳಗಿನ ಏಳು ಕಳೆದಿತ್ತು. ಐದು ತಿಂಗಳಲ್ಲಿ ಮೊದಲ ಸಲ ನಡುವೆ ಒಮ್ಮೆಯೂ ಕಣ್ಣು ಬಿಟ್ಟಿರಲಿಲ್ಲ, ಕನಸೂ ಬಿದ್ದಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು, "ಚೊಲೋ ನಿದ್ದೆ ಬಂತನೆ?" ಎಂದು ಕೇಳಿದರು. ಹೌದು ಎನ್ನಲು ನಾಚಿಕೆಯಾಯಿತು. ಶಿರಸಿಯಲ್ಲಿ ಸರೋಜಕ್ಕನಿಗೆ ಆ ರಾತ್ರಿ ನಿದ್ದೆ ಬಂದಿರಲಾರದು.